ಕಾಳಿ ಅಳಿವೆಗೆ ಬಂದ ದಂಡು: 1665ರ ಸಮುದ್ರ ದಾಳಿ ನಿಜಕ್ಕೂ ಗೆದ್ದಿತೇ?

1665ರ ಮಾರ್ಚ್ 14ರಂದು ಕಾರವಾರದ ಇಂಗ್ಲಿಷ್ ಕೋಠಿಯಿಂದ ಸೂರತ್ತಿಗೆ ಒಂದು ಪತ್ರ ಹೋಯಿತು. ಕೋಠಿಯೆಂದರೆ ಈಸ್ಟ್ ಇಂಡಿಯಾ ಕಂಪನಿಯವರು ಕಾಳುಮೆಣಸು, ಬಟ್ಟೆ ಕೊಂಡು ಕೂಡಿಡುತ್ತಿದ್ದ ಉಗ್ರಾಣ. ಜೊತೆಗೆ ಬೆರಳೆಣಿಕೆಯ ಗುಮಾಸ್ತರ ಬಿಡಾರ. ಮೂರು ವಾರದ ಹಿಂದೆ ಶಿವಾಜಿ ತಮ್ಮ ಊರ ಬಾಗಿಲಿಗೆ ಬಂದು ಹೋದ ಸಂಗತಿಯನ್ನು ಅವರು ಅದರಲ್ಲಿ ಬರೆದಿದ್ದಾರೆ. ಎಷ್ಟು ಹಡಗು, ಎಷ್ಟು ಜನ, ಯಾವಾಗ ಎಲ್ಲಿ ಇಳಿದ, ಎಷ್ಟು ಹಣ ಕೊಟ್ಟು ಕಳಿಸಬೇಕಾಯಿತು, ಎಲ್ಲಕ್ಕೂ ಲೆಕ್ಕವಿದೆ. ಬರೆದವರು ವ್ಯಾಪಾರಿಗಳಲ್ಲವೇ. ಶಿವಾಜಿ ತಾನೇ ಹಡಗು ಹತ್ತಿ ಮುನ್ನಡೆಸಿದ ಸಮುದ್ರ ದಾಳಿ ಅದೊಂದೇ. ಅದರ ಬಗ್ಗೆ ನಮಗೆ ಗಟ್ಟಿಯಾಗಿ ತಿಳಿದಿರುವುದರಲ್ಲಿ ಹೆಚ್ಚಿನದು ಈ ಪತ್ರದಿಂದ ಬಂದದ್ದು.

ನಾನು ಅಂಕೋಲೆಯವನು. ಈ ದಾಳಿಯ ಕಥೆಯನ್ನು ಚಿಕ್ಕಂದಿನಿಂದ ಎರಡು ಬಗೆಯಲ್ಲಿ ಕೇಳಿದ್ದೇನೆ. ಒಂದರಲ್ಲಿ ಅದು ಅರಬ್ಬಿ ಸಮುದ್ರವನ್ನೇ ನಡುಗಿಸಿದ ದೊಡ್ಡ ನೌಕಾ ವಿಜಯ. ಇನ್ನೊಂದರಲ್ಲಿ ಬರೀ ಲೂಟಿ. ಎರಡನ್ನು ಹೇಳುವವರೂ, ದಾಳಿಯಲ್ಲಿ ಸೂರೆಯಾದ ಬಂದರು ಬಸ್ರೂರಿನ ಹತ್ತಿರ ಕಥೆ ನಿಲ್ಲಿಸಿಬಿಡುತ್ತಾರೆ. ಆಮೇಲೆ ಗೋಕರ್ಣದಿಂದ ಕಾರವಾರದವರೆಗೆ ಏನು ನಡೆಯಿತು, ಅದೇ ಹೊತ್ತಿಗೆ ಪುಣೆಯ ಕಡೆ ಏನು ನಡೆಯುತ್ತಿತ್ತು ಎಂಬುದನ್ನು ಸೇರಿಸಿ ನೋಡದೆ ಗೆಲುವು ಸೋಲಿನ ಮಾತಾಡಿದರೆ ನ್ಯಾಯವಾಗದು ಎಂದು ನನಗೆ ಬಹಳ ಕಾಲದಿಂದ ಅನಿಸಿದೆ.

ಮೊದಲು ಆ ಹೊತ್ತಿನ ಪರಿಸ್ಥಿತಿ. ಶಿವಾಜಿ ಆಗ ಎರಡು ದೊಡ್ಡ ಶಕ್ತಿಗಳ ಜೊತೆ ಯುದ್ಧದಲ್ಲಿದ್ದ. ಒಂದು ಬಿಜಾಪುರದ ಆದಿಲಶಾಹಿ, ಇನ್ನೊಂದು ದಿಲ್ಲಿಯ ಮೊಗಲರು. 1664ರ ಜನವರಿಯಲ್ಲಿ ಸೂರತ್ತನ್ನು ಸೂರೆ ಮಾಡಿದ್ದರಿಂದ ಔರಂಗಜೇಬ ಕೆರಳಿದ್ದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ಅಂಬೇರಿನ ಮಿರ್ಜಾ ರಾಜಾ ಜಯಸಿಂಹನನ್ನು ದಕ್ಷಿಣಕ್ಕೆ ನೇಮಿಸಿದ. ಇತ್ತ ನವೆಂಬರಿನಲ್ಲಿ ಮಾಲವಣದ ಎದುರಿನ ಕುರಟೆ ದ್ವೀಪದಲ್ಲಿ ಸಿಂಧುದುರ್ಗದ ಕೆಲಸ ಶುರುವಾಯಿತು. ಕಲ್ಲಿನ ಕೋಟೆ ಕಟ್ಟಬೇಕು, ದಂಡಿಗೆ ಸಂಬಳ ಕೊಡಬೇಕು, ಮೇಲೆ ಮೊಗಲರ ದೊಡ್ಡ ಸೈನ್ಯ ಬರುತ್ತಿದೆ. ಹಣ ಬೇಕಿತ್ತು, ಅದೂ ಬೇಗ.

ಹಣ ಇದ್ದದ್ದು ಬಸ್ರೂರಿನಲ್ಲಿ. ಈಗ ಉಡುಪಿ ಜಿಲ್ಲೆಗೆ ಸೇರಿದ, ವಾರಾಹಿ ದಂಡೆಯ ಆ ಊರು ಆಗ ಕೆನರಾ ಕರಾವಳಿಯ ದೊಡ್ಡ ಅಕ್ಕಿ ಬಂದರು. ಗೋವೆಯ ಪೋರ್ಚುಗೀಸರ ಊಟದ ಅಕ್ಕಿ, ಮಸ್ಕತ್ತಿಗೆ ಹೋಗುವ ಅಕ್ಕಿ ಈ ಬಂದರಿನಿಂದ ಹಡಗೇರುತ್ತಿತ್ತು. 1569ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಹಿಡಿದಿದ್ದರು. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಅವರನ್ನು ಓಡಿಸಿದ. ಶಿವಪ್ಪ ನಾಯಕ 1660ರಲ್ಲಿ ತೀರಿಕೊಂಡ. ನಾಲ್ಕು ವರ್ಷದೊಳಗೆ ಇಬ್ಬರು ಪಟ್ಟಕ್ಕೆ ಬಂದು ಹೋಗಿ, 1664ರಲ್ಲಿ ಸೋಮಶೇಖರ ನಾಯಕನ ಆಳ್ವಿಕೆ ಶುರುವಾಗಿತ್ತು. ನಡುವೆ ಬಿಜಾಪುರದ ಸುಲ್ತಾನನೇ ಕೆಳದಿಯವರ ರಾಜಧಾನಿ ಬಿದನೂರಿನ ಮೇಲೆ ದಂಡೆತ್ತಿ ಬಂದಿದ್ದ. ಕೆಳದಿಯ ಬಲವೆಲ್ಲ ಘಟ್ಟದ ಮೇಲೆ, ಬಿದನೂರು ಕವಲೇದುರ್ಗಗಳಲ್ಲಿ. ಕೆಳಗಿನ ಬಂದರಿಗೆ ಆಪತ್ತು ಬಂದರೆ ದಂಡು ಘಟ್ಟ ಇಳಿದು ಬರಬೇಕು, ಅದಕ್ಕೆ ದಿನಗಳೇ ಬೇಕು.

ಫೆಬ್ರುವರಿಯಲ್ಲಿ ಮಾಲವಣದ ಕಡೆಯಿಂದ 85 ಸಣ್ಣ ಯುದ್ಧ ನೌಕೆಗಳು, ಮೂರು ದೊಡ್ಡ ಹಡಗುಗಳು ತೆಂಕಣಕ್ಕೆ ಹೊರಟವು. ಗೋವೆ ದಾಟಿ, ಕಾರವಾರ ದಾಟಿ, ಸುಮಾರು 300 ಕಿಲೋಮೀಟರ್ ಕೆಳಗೆ ಬಸ್ರೂರು. ಬಸ್ರೂರಿಗೆ ಸುದ್ದಿಯೇ ಇರಲಿಲ್ಲ. ಶಿವಾಜಿಯೆಂದರೆ ಕುದುರೆಯ ಮೇಲೆ ಘಟ್ಟದ ದಾರಿಯಲ್ಲಿ ಬರುವವನು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಸಮುದ್ರದಿಂದ ಬರಬಹುದೆಂದು ಸೆಟ್ಟರು ಯಾಕೆ ಯೋಚಿಸಿಯಾರು? ಪ್ರತಿರೋಧ ಎನ್ನುವಂಥದ್ದು ನಡೆಯಲಿಲ್ಲ. ಘಟ್ಟದ ಮೇಲಿನ ದಂಡಿಗೆ ಸುದ್ದಿ ಮುಟ್ಟಿ ಅದು ಇಳಿದು ಬರುವುದರೊಳಗೆ ಎಲ್ಲ ಮುಗಿದಿತ್ತು. ಇಷ್ಟನ್ನೇ ನೋಡಿದರೆ ಇದು ಪೂರ್ತಿ ಯಶಸ್ಸು. ದೂರ, ವೇಗ, ಗುಟ್ಟು, ಗುರಿ, ಒಂದೂ ತಪ್ಪಿಲ್ಲ. ಹಡಗು ಕಟ್ಟಲು ಶುರುಮಾಡಿ ಹತ್ತು ವರ್ಷವೂ ಆಗಿರದ ನೌಕಾಪಡೆಗೆ ಇದು ಸಣ್ಣ ಸಾಧನೆಯಲ್ಲ. ಮೆಚ್ಚಬೇಕಾದ್ದನ್ನು ಮೆಚ್ಚಿಯೇ ಮುಂದಕ್ಕೆ ಹೋಗಬೇಕು.

ಮುಂದಿನದು ನಮ್ಮ ಜಿಲ್ಲೆಯ ಕಥೆ.

ಹಿಂದಿರುಗುವಾಗ ಶಿವಾಜಿ ಗೋಕರ್ಣದಲ್ಲಿ ಇಳಿದು ತನ್ನ ಜನರೊಂದಿಗೆ ಸಮುದ್ರಸ್ನಾನ ಮಾಡಿದ. ಆಮೇಲೆ ಬಹುಪಾಲು ಹಡಗುಗಳನ್ನು ಕಳಿಸಿಬಿಟ್ಟು, 4,000 ಜನರ ಜೊತೆ ನೆಲದ ದಾರಿ ಹಿಡಿದ. ಹೊಳೆ ದಾಟಿಸಲಿಕ್ಕೆಂದು 12 ನೌಕೆಗಳನ್ನು ಮಾತ್ರ ಇಟ್ಟುಕೊಂಡ. ಈ ನಿರ್ಧಾರಕ್ಕೆ ಕಾರಣವನ್ನು ನಮ್ಮ ಕರಾವಳಿಯ ಯಾವ ಮೀನುಗಾರರನ್ನು ಕೇಳಿದರೂ ಅರ್ಧ ಸಿಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಬೀಸುತ್ತದೆ. ಹಾಯಿ ಬಿಚ್ಚಿ ಬಡಗಿನಿಂದ ತೆಂಕಿಗೆ ಬರುವುದು ಸಲೀಸು. ಅದೇ ದಾರಿಯಲ್ಲಿ ಮೇಲಕ್ಕೆ ಹೋಗುವುದು ಬಲು ಕಷ್ಟ. ರಾತ್ರಿಯ ನೆಲಗಾಳಿಯನ್ನು ನಂಬಿಕೊಂಡು ದಂಡೆಗುಂಟ ಸ್ವಲ್ಪ ಸ್ವಲ್ಪವೇ ಸಾಗಬೇಕು. ಬರುವಾಗ ಬೆನ್ನಿಗಿದ್ದ ಗಾಳಿ ಹೋಗುವಾಗ ಎದೆಗೆ. ಕಾರಣದ ಇನ್ನರ್ಧ, ದಾರಿಯಲ್ಲಿ ಇನ್ನೂ ಊರುಗಳಿದ್ದವು. ಅವುಗಳಲ್ಲಿ ದೊಡ್ಡದು ಕಾರವಾರ.

ಗಂಗಾವಳಿ ದಾಟಿ, ಅಂಕೋಲೆಯ ಮೇಲೆ ಹಾದು ಫೆಬ್ರುವರಿ 22ಕ್ಕೆ ದಂಡು ಕಾರವಾರದ ಹತ್ತಿರ ಬಂದಿತ್ತು. ಇದು ಇಂಗ್ಲಿಷರ ಹಳೆಯ ಪಂಚಾಂಗದ ತಾರೀಖು. ಹೋಳಿ ಹುಣ್ಣಿಮೆಯ ಆಸುಪಾಸಿನ ದಿನಗಳವು. ನಮ್ಮಲ್ಲಿ ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿ ಮನೆಮನೆಗೆ ಸುಗ್ಗಿ ಕುಣಿತ ತರುವ ಕಾಲ. ಗದ್ದೆ ಕೊಯ್ದಾಗಿ ಅಕ್ಕಿ ಮನೆಯೊಳಗೆ ಬಂದಿರುತ್ತದೆ, ಅಂಗಡಿಯಲ್ಲಿ ಹಣ ಓಡಾಡುತ್ತಿರುತ್ತದೆ. ದಾಳಿಗೆ ಈ ಹೊತ್ತನ್ನೇ ಹಿಡಿದದ್ದು ಆಕಸ್ಮಿಕವಲ್ಲ. ಹೋಳಿಯ ಹೊತ್ತಿಗೆ ಶಿವಾಜಿ ಇಂಥದ್ದೊಂದನ್ನು ಕೈಗೊಳ್ಳುವುದು ವಾಡಿಕೆ ಎಂದು ಆ ಗುಮಾಸ್ತರೇ ಬರೆದಿದ್ದಾರೆ.

ಆಗಿನ ಕಾರವಾರ ಈಗಿನ ಜಾಗದಲ್ಲಿರಲಿಲ್ಲ. ಈಗಿನ ಪೇಟೆಯಿಂದ ಮೂಡಣಕ್ಕೆ, ಕಡವಾಡದ ಕಡೆ, ಕಾಳಿಯ ದಂಡೆಯ ಮೇಲಿತ್ತು. ಊರು ಬಿಜಾಪುರಕ್ಕೆ ಸೇರಿದ್ದು. ದಂಡು ಮುಟ್ಟುವ ಹಿಂದಿನ ರಾತ್ರಿ ಬಿಜಾಪುರದ ಸರದಾರ ಶೇರ್ ಖಾನ್ 500 ಜನರೊಂದಿಗೆ ಊರಿಗೆ ಬಂದಿದ್ದ. ಬಂದದ್ದು ಯುದ್ಧಕ್ಕಲ್ಲ, ಹಡಗೊಂದರ ವ್ಯವಸ್ಥೆ ನೋಡಲು. ಶಿವಾಜಿ ಇಷ್ಟು ಹತ್ತಿರವಿದ್ದಾನೆ ಎಂಬುದು ಬಂದ ಮೇಲೆ ತಿಳಿಯಿತು. ತಿಳಿದ ತಕ್ಷಣ ಊರಿನ ಕಾವಲು ಬಿಗಿ ಮಾಡಿಸಿ, ಒಳಗೆ ಬಂದರೆ ನನ್ನ ಕೈಲಾದಷ್ಟು ತಡೆಯುತ್ತೇನೆ ಎಂದು ಶಿವಾಜಿಗೆ ಹೇಳಿಕಳಿಸಿದ. ಇಂಗ್ಲಿಷರು ಕಂಪನಿಯ ಹಣವನ್ನು ಹೊಳೆಯಲ್ಲಿದ್ದ, ಮಸ್ಕತ್ತಿನ ಇಮಾಮನ ಸಣ್ಣ ಹಡಗೊಂದಕ್ಕೆ ಸಾಗಿಸಿ ತಾವೂ ಅದನ್ನೇ ಹತ್ತಿ ಕುಳಿತರು.

ಈ ರಾತ್ರಿಯೇ ಇಡೀ ದಂಡಯಾತ್ರೆಯ ತಿರುವು ಎಂದು ನಾನು ತಿಳಿದಿದ್ದೇನೆ. 4,000 ಜನರೆದುರು 500 ಜನ. ಆದರೆ ಬಸ್ರೂರಿನಲ್ಲಿ ಇದ್ದದ್ದು ಇಲ್ಲಿ ಇರಲಿಲ್ಲ. ಸುದ್ದಿ ಮುಂಚೆಯೇ ಬಂದಿತ್ತು, ಊರು ಎಚ್ಚರವಾಗಿತ್ತು. ಕಾದಾಡಿದರೆ ಶಿವಾಜಿ ಗೆಲ್ಲುತ್ತಿದ್ದ, ಅನುಮಾನವಿಲ್ಲ. ಆದರೆ ಜನ ಸಾಯುತ್ತಿದ್ದರು, ದಿನಗಳು ಹೋಗುತ್ತಿದ್ದವು. ಹೆಚ್ಚಿನ ಹಡಗುಗಳನ್ನು ಕಳಿಸಿಯಾಗಿತ್ತು, ಬಡಗಿನಲ್ಲಿ ಮೊಗಲರು ಬರುತ್ತಿದ್ದರು. ಅವನು ಊರೊಳಗೆ ನುಗ್ಗಲಿಲ್ಲ. ಸುತ್ತು ಹಾಕಿ ಕಾಳಿಯ ಅಳಿವೆಯ ಹತ್ತಿರ ಬೀಡು ಬಿಟ್ಟ.

ಅಲ್ಲಿಂದ ಶೇರ್ ಖಾನನಿಗೆ ಹೇಳಿಕಳಿಸಿದ್ದು, ಇಂಗ್ಲಿಷರನ್ನು ನನಗೆ ಒಪ್ಪಿಸು, ಇಲ್ಲವೇ ಅವರ ಮೇಲೆ ಸೇಡು ತೀರಿಸಿಕೊಳ್ಳಲು ಬಿಡು ಎಂದು. ಆ ಹಗೆಗೆ ಹಿನ್ನೆಲೆಯಿದೆ. 1660ರಲ್ಲಿ ಪನ್ಹಾಳದ ಮುತ್ತಿಗೆಯಲ್ಲಿ ರಾಜಾಪುರ ಕೋಠಿಯ ಇಂಗ್ಲಿಷರು ಬಿಜಾಪುರದ ಪರವಾಗಿ ಫಿರಂಗಿ ಹಾರಿಸಿದ್ದರು. ಮರುವರ್ಷ ಶಿವಾಜಿ ರಾಜಾಪುರ ಲೂಟಿ ಮಾಡಿ ಅವರನ್ನು ಸೆರೆ ಹಿಡಿದಿದ್ದ. ಹಡಗಿನಲ್ಲಿದ್ದ ಕಾರವಾರದ ಗುಮಾಸ್ತರು ಕೊಟ್ಟ ಉತ್ತರ ದಿಟ್ಟವಾಗಿದೆ: ನಮ್ಮ ಬಳಿ ಇರುವುದು ಮದ್ದು ಗುಂಡು ಮಾತ್ರ, ಅದನ್ನೇ ಚಿನ್ನವೆಂದು ತಿಳಿದರೆ ಬಂದು ತೆಗೆದುಕೊಂಡು ಹೋಗಲಿ. ಶಿವಾಜಿ ಕೆಂಡವಾದ. ಕೊನೆಗೆ ಊರ ವ್ಯಾಪಾರಿಗಳೆಲ್ಲ ಸೇರಿ ಹಣ ಒಟ್ಟು ಮಾಡಿ ಕೊಟ್ಟರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡ್. ಫೆಬ್ರುವರಿ 23ರಂದು ಶಿವಾಜಿ ಹೊರಟ. ನನ್ನ ಹೋಳಿಯ ಬೇಟೆಯನ್ನು ಶೇರ್ ಖಾನ್ ಕೆಡಿಸಿದ ಎಂದು ಹೇಳುತ್ತ, ಮನಸ್ಸಿಲ್ಲದ ಮನಸ್ಸಿನಿಂದ ಹೋದನೆಂದು ಪತ್ರ ಹೇಳುತ್ತದೆ.

ಇನ್ನು ಬಡಗಿನ ಕಡೆ ನೋಡೋಣ. ಶಿವಾಜಿ ಗೋಕರ್ಣದಿಂದ ಕಾರವಾರಕ್ಕೆ ನಡೆಯುತ್ತಿದ್ದ ಅದೇ ದಿನಗಳಲ್ಲಿ ಜಯಸಿಂಹ ಪುಣೆಯತ್ತ ಸಾಗುತ್ತಿದ್ದ. ಮಾರ್ಚ್ 3ಕ್ಕೆ ಪುಣೆ ಸೇರಿದ. ಕಾರವಾರದ ಗುಮಾಸ್ತರು ಪತ್ರ ಬರೆಯುವ ಹೊತ್ತಿಗೆ ಮೊಗಲ್ ಸೈನ್ಯ ಅಲ್ಲಿ ತಳವೂರಿ ಹತ್ತು ದಿನ ದಾಟಿತ್ತು. ಮಾರ್ಚ್ ಕೊನೆಗೆ ಪುರಂದರ ಕೋಟೆಗೆ ಮುತ್ತಿಗೆ. ಏಪ್ರಿಲ್ ಮಧ್ಯದಲ್ಲಿ ಪಕ್ಕದ ವಜ್ರಗಡ ಬಿತ್ತು. ಪುರಂದರದ ಕಿಲ್ಲೇದಾರ ಮುರಾರಬಾಜಿ ಹೋರಾಡುತ್ತ ಸತ್ತ. ಜೂನ್ 11ರಂದು ಶಿವಾಜಿ ತಾನೇ ಜಯಸಿಂಹನ ಡೇರೆಗೆ ಹೋದ. ಒಪ್ಪಂದದಲ್ಲಿ ವರ್ಷಕ್ಕೆ 4 ಲಕ್ಷ ಹೊನ್ನಿನ ಹುಟ್ಟುವಳಿಯ 23 ಕೋಟೆಗಳು ಮೊಗಲರಿಗೆ ಹೋದವು. ಶಿವಾಜಿಗೆ ಉಳಿದದ್ದು 12 ಕೋಟೆ, 1 ಲಕ್ಷ ಹೊನ್ನಿನ ಹುಟ್ಟುವಳಿ. ಬಸ್ರೂರಿನ ದಾಳಿಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ.

ಮರಾಠಿ ಬಖರುಗಳಲ್ಲಿ, ಎಂದರೆ ಹಳೆಯ ಚರಿತ್ರೆಯ ಬರಹಗಳಲ್ಲಿ, ಬಸ್ರೂರಿನ ಲೂಟಿಯ ಮಾತು ಕೋಟಿ ಹೊನ್ನುಗಳಲ್ಲಿ ಬರುತ್ತದೆ. ಮೇಲಿನ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. 35 ಕೋಟೆಗಳ ವರ್ಷದ ಹುಟ್ಟುವಳಿ ಒಟ್ಟು 5 ಲಕ್ಷ ಹೊನ್ನು. ಒಂದೇ ಊರಿನಿಂದ ಕೋಟಿಗಟ್ಟಲೆ ಬಂದಿದ್ದರೆ ಇಪ್ಪತ್ತು ವರ್ಷದ ಆದಾಯ ಒಂದೇ ಹಡಗು ಯಾತ್ರೆಯಲ್ಲಿ ಬಂದಂತೆ. ಅಷ್ಟು ಹಣ ಕೈಯಲ್ಲಿದ್ದವನು ಕಾರವಾರದಲ್ಲಿ ವ್ಯಾಪಾರಿಗಳು ಒಟ್ಟು ಮಾಡಿದ ಚಂದಾಕ್ಕಾಗಿ ಕಾದು ಕೂರುತ್ತಿರಲಿಲ್ಲ. ದೊಡ್ಡ ಮೊತ್ತ ಸಿಕ್ಕಿರಬೇಕು, ನಿಜ. ಯುದ್ಧದ ದಿಕ್ಕು ಬದಲಿಸುವಷ್ಟು ಸಿಕ್ಕಿರಲಿಲ್ಲ.

ಹಾಗಾದರೆ ದಾಳಿ ಸೋತಿತೇ? ಅದನ್ನೂ ಅಷ್ಟು ಸಲೀಸಾಗಿ ಹೇಳಲಾರೆ. ಜಯಸಿಂಹ ತನ್ನ ಯೋಜನೆಯಲ್ಲಿ ಕರಾವಳಿಯ ಯುರೋಪಿಯನ್ನರ ಬಳಿಗೆ ದೂತರನ್ನು ಕಳಿಸಿ, ಶಿವಾಜಿಯ ನೌಕಾಪಡೆಯನ್ನು ತಡೆಯಿರಿ ಎಂದು ಕೇಳಿಸಿದ್ದ. ನೆಲದ ಮೇಲೆಯೇ ಯುದ್ಧ ಮಾಡಿ ಬೆಳೆದ ಮೊಗಲ್ ಸೇನಾಪತಿಯೊಬ್ಬ ಆ ಹಡಗುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಎಂಬುದು ದೊಡ್ಡ ಮಾತು. ಆದರೆ ಲೆಕ್ಕಕ್ಕೆ ಬಂದ ಬಲ ಪುರಂದರದ ಬುರುಜಿನ ಕೆಳಗೆ ಉಪಯೋಗಕ್ಕೆ ಬರಲಿಲ್ಲ. ಯುದ್ಧ ತೀರ್ಮಾನವಾಗುತ್ತಿದ್ದದ್ದು ಸಹ್ಯಾದ್ರಿಯ ನೆತ್ತಿಯ ಮೇಲೆ. 88 ಹಡಗುಗಳು ಇದ್ದದ್ದು ಅದರ ಕಾಲಬುಡದಲ್ಲಿ. ಇನ್ನೊಂದನ್ನೂ ಗಮನಿಸಬೇಕು. ಸೂರೆಯಾದ ಊರು ಬಿಜಾಪುರದ್ದಲ್ಲ, ಮೊಗಲರದ್ದೂ ಅಲ್ಲ. ಕೆಳದಿಯ ನಷ್ಟದಿಂದ ಶಿವಾಜಿಯ ಶತ್ರುಗಳಿಬ್ಬರಲ್ಲಿ ಯಾರಿಗೂ ಒಂದು ಕಾಸಿನ ಪೆಟ್ಟು ಬೀಳಲಿಲ್ಲ. ಪೆಟ್ಟು ಬಿದ್ದದ್ದು ಬಸ್ರೂರಿನ ಅಕ್ಕಿ ಮಂಡಿಗಳಿಗೆ, ಅವುಗಳನ್ನು ನಂಬಿದ್ದ ಗೇಣಿದಾರರಿಗೆ.

ಕರಾವಳಿ ನಿಜವಾಗಿ ಅವನ ಕೈಗೆ ಬಂದದ್ದು ಹತ್ತು ವರ್ಷದ ಮೇಲೆ. 1675ರ ಮೇ ತಿಂಗಳಲ್ಲಿ ಗೋವೆಯ ಪಕ್ಕದ ಫೋಂಡಾ ಕೋಟೆ ಹಿಡಿದು, ನೆಲದ ಮೇಲಿನಿಂದ ಒಂದೊಂದೇ ಕೋಟೆ ತೆಗೆದುಕೊಂಡು ಕೆಳಗೆ ಬಂದರು: ಕಾರವಾರ, ಅಂಕೋಲಾ, ಶಿವೇಶ್ವರ, ಕದ್ರಾ. ಕೋಟೆಯವರು ಶರಣಾಗದ್ದಕ್ಕೆ ಕಾರವಾರದ ಪೇಟೆಯನ್ನು ಸುಟ್ಟರು. ಆ ತಿಂಗಳ ಕೊನೆಗೆ ಗಂಗಾವಳಿಯವರೆಗೆ ಶಿವಾಜಿಯ ಗಡಿ. ಆ ಸಲ ಅನಿರೀಕ್ಷಿತವೆನ್ನುವಂಥದ್ದು ಏನೂ ಇರಲಿಲ್ಲ. ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಬಂದವರು ಠಾಣೆ ಹಾಕಿ ಕೂತರು, ಸುಂಕ ಎತ್ತಿದರು. 1665ರಲ್ಲಿ ಹೋಳಿಯ ಹೊತ್ತಿಗೆ ಮಾತ್ರ ಅಂಕೋಲೆ ಅವನದ್ದಾಗಿತ್ತು.

ಕೆಳದಿಯ ಸೋಮಶೇಖರ ನಾಯಕ 1672ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಚೆನ್ನಮ್ಮ ಪಟ್ಟಕ್ಕೆ ಬಂದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಓಡುವಾಗ ಅವನಿಗೆ ದಾರಿ ಕೊಟ್ಟು ಕಾಪಾಡಿದವಳು, ಅದಕ್ಕಾಗಿ ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಅವಳೇ. ಬಸ್ರೂರು ಸೂರೆಯಾದಾಗ ಆಳುತ್ತಿದ್ದವನು ಅವಳ ಗಂಡ.