ರಜೆ ಮುಗಿಸಿದ ಮೀನಿನ ಪಿಕಪ್ ಏಕೆ ನಡುಗುತ್ತದೆ?

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳ ಜತೆಗೆ ಮಲ್ಪೆಯ, ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಮೀನು ಸಾಗಿಸುವ ಎಷ್ಟೋ ಪಿಕಪ್‌ಗಳಿಗೂ ಅದು ರಜೆ. 61 ದಿನ ಜಡಿಮಳೆಯಲ್ಲಿ ನಿಂತ ಗಾಡಿಯನ್ನು ಆಗಸ್ಟ್‌ನಲ್ಲಿ ಸ್ಟಾರ್ಟ್ ಮಾಡಿದರೆ ಐಡಲಿಂಗ್‌ನಲ್ಲೇ ಗಡಗಡ ನಡುಗುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ, ಚೆಕ್ ಲೈಟ್ ಆರುವುದೇ ಇಲ್ಲ. ಸ್ಕ್ಯಾನರ್ ಹಾಕಿದಾಗ ಬಂದ ದೋಷದ ಕೋಡ್‌ನಲ್ಲಿ ಹೆಸರಿದ್ದ ಸೆನ್ಸರನ್ನು ಅಂಗಡಿಯಿಂದ ತಂದು ಹಾಕಿದ್ದಾಯಿತು. ದುಡ್ಡು ಹೋಯಿತು, ನಡುಕ ಹೋಗಲಿಲ್ಲ.

ತಪ್ಪು ಆಗಿರುವುದು ಕೋಡ್ ಓದಿದ್ದರಲ್ಲಿ. ಪಿ0335 ಎಂಬುದರ ಪೂರ್ತಿ ಹೆಸರು ‘ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಸರ್ಕ್ಯೂಟ್’. ನಮ್ಮ ಕಿವಿ ‘ಸೆನ್ಸರ್’ ತನಕ ಕೇಳಿ ಮುಚ್ಚಿಕೊಳ್ಳುತ್ತದೆ. ಸರ್ಕ್ಯೂಟ್ ಅಂದರೆ ಸೆನ್ಸರ್, ಅದಕ್ಕೆ ವಯರ್ ಜೋಡಿಸುವ ಕಪ್ಲರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತನಕದ ವಯರ್, ಅರ್ತ್ ಎಲ್ಲವೂ. ಉಪ್ಪುಗಾಳಿ, ಮೀನಿನ ನೀರು, ಇಲಿ ಮೂರೂ ಇರುವ ನಮ್ಮೂರಲ್ಲಿ ಮೊದಲು ಅನುಮಾನಿಸಬೇಕಾದದ್ದು ವಯರನ್ನು.

ಎಂಜಿನ್ ಮಿಸ್ ಹೊಡೆಯುವುದು, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು, ಇಸಿಯುಗೆ ಗೊತ್ತಾಗುವುದಾದರೂ ಹೇಗೆ? ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಗೆ ಕೂಡಿಸಿದ ಒಂದು ಹಲ್ಲುಚಕ್ರದಿಂದ. ಹೆಚ್ಚಿನ ಗಾಡಿಗಳಲ್ಲಿ 60 ಹಲ್ಲಿನ ಜಾಗವಿದ್ದು, ಗುರುತಿಗಾಗಿ 2 ಹಲ್ಲು ಬಿಟ್ಟಿರುತ್ತಾರೆ. 800 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 75 ಮಿಲಿಸೆಕೆಂಡ್; ಅಂದರೆ ಒಂದು ಹಲ್ಲು ಸೆನ್ಸರಿನೆದುರು ದಾಟಲು 1.25 ಮಿಲಿಸೆಕೆಂಡ್. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಅರ್ಧ ಸುತ್ತಿಗೊಂದು ಸಿಲಿಂಡರಿನ ಸರದಿ. ಯಾವುದರ ಸರದಿಯಲ್ಲಿ ಹಲ್ಲುಗಳು ಚೂರು ತಡವಾಗಿ ದಾಟುತ್ತವೋ ಅದು ಸೋತ ಸಿಲಿಂಡರ್. ಇಸಿಯು ಅದಕ್ಕೆ ಒಂದಿಷ್ಟು ಹೆಚ್ಚು ಡೀಸೆಲ್ ಕೊಟ್ಟು ಸರಿದೂಗಿಸಲು ನೋಡುತ್ತದೆ. ಈ ಲೆಕ್ಕ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ‘ಇಂಜೆಕ್ಟರ್ ಕರೆಕ್ಷನ್’ ಎಂದು ಸಿಗುತ್ತದೆ. ಮೂರು ಸಿಲಿಂಡರಿನ ಅಂಕಿ ಸೊನ್ನೆಯ ಆಸುಪಾಸಿನಲ್ಲಿದ್ದು ಒಂದು ಮಾತ್ರ +4 ಮಿಲಿಗ್ರಾಂ ತೋರಿಸಿದರೆ ಆ ಸಿಲಿಂಡರನ್ನು ಹಿಡಿಯಿರಿ. ಡೀಸೆಲ್ ಸಿಂಪಡಿಸುವ ನೊಝಲ್ (ಇಂಜೆಕ್ಟರ್) ಕೆಟ್ಟಿರಬಹುದು, ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ, ಅಂದರೆ ಕಂಪ್ರೆಷನ್ನೂ ಇಳಿದಿರಬಹುದು. ನಾಲ್ಕೂ ಸಮವಾಗಿದ್ದು ಕ್ಯಾಬಿನ್ ಮಾತ್ರ ನಡುಗಿದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ಅದು ಹರಿದರೆ ಯಾವ ಕೋಡೂ ಬರುವುದಿಲ್ಲ.

‘ಡಿಲೀಟ್ ಹೊಡೆದು ನೋಡುವ’ ಎನ್ನುವವರನ್ನು ಮೊದಲು ತಡೆಯಿರಿ. ಕೋಡ್ ಬಿದ್ದ ಗಳಿಗೆಯ ಆರ್‌ಪಿಎಂ, ವೇಗ, ಎಂಜಿನ್ ಬಿಸಿ ಎಲ್ಲ ‘ಫ್ರೀಜ್ ಫ್ರೇಮ್’ನಲ್ಲಿ ಇರುತ್ತದೆ, ಡಿಲೀಟ್ ಜತೆಗೆ ಅದೂ ಹೋಗುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟು ಮುಂದುವರಿಯಿರಿ. ಎರಡು ತಿಂಗಳು ನಿಂತ ಬ್ಯಾಟರಿ ಸ್ಟಾರ್ಟ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಸುಳ್ಳು ಕೋಡ್‌ಗಳು ಸಾಲಾಗಿ ಬರುತ್ತವೆ. ಅರ್ತ್ ನೋಡಲು ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ, 0.5 ದಾಟಿದರೆ ಅರ್ತ್ ಪಟ್ಟಿ ಬಿಚ್ಚಿ ಉಜ್ಜಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸೆನ್ಸರ್‌ಗಳ ಕೋಡ್ ಒಟ್ಟಿಗೇ ಬಂದರೆ ಮೂರನ್ನೂ ಕೊಳ್ಳಬೇಡಿ. ಹಲವು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟ್ ಲೈನ್ ಹೋಗುತ್ತದೆ. ಒಂದು ಶಾರ್ಟ್ ಆದರೆ ಉಳಿದವೂ ಕುಸಿಯುತ್ತವೆ. ಒಂದೊಂದೇ ಕಪ್ಲರ್ ಕಳಚಿ; ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಶಾರ್ಟ್ ಆಗಿರುವುದು ಅಲ್ಲಿ.

ಕಪ್ಲರ್ ಕಳಚಿದಾಗ ಪಿನ್ ಮೇಲೆ ಹಸಿರು ಕಿಲುಬು ಕಂಡರೆ ಅಷ್ಟನ್ನೇ ಒರೆಸಿ ಬಿಡುವಂತಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದಂತೆ ತಾಮ್ರದ ಎಳೆಗಳು ಉಪ್ಪುನೀರನ್ನು ಪ್ಲಾಸ್ಟಿಕ್ ಕವಚದೊಳಗೆ ಮೇಲಕ್ಕೆಳೆಯುತ್ತವೆ. ಹೊರಗೆ ಹೊಸದರಂತಿರುವ ವಯರನ್ನು ಬಗ್ಗಿಸಿದರೆ ಒಳಗೆ ಹಸಿರು ಪುಡಿ. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಅದೇ ವಯರಿಗೆ ಇಂಡಿಕೇಟರಿನ 21 ವಾಟ್ ಬಲ್ಬ್ ಕೊಟ್ಟು ನೋಡಿ, ಮಿಣಿಮಿಣಿ ಉರಿದರೆ ಗುಟ್ಟು ಹೊರಬಿತ್ತು. ಈ ಬಲ್ಬ್ ಪರೀಕ್ಷೆ ಪಂಪ್, ರಿಲೇಗಳಿಗೆ ಹೋಗುವ 12 ವೋಲ್ಟ್ ಲೈನ್‌ಗೆ ಮಾತ್ರ; ಸೆನ್ಸರ್ ವಯರಿಗೆ ಹಚ್ಚಿದರೆ ಇಸಿಯುಗೇ ಪೆಟ್ಟು. ಹಾಳಾದ ಭಾಗವನ್ನು ಕೆಂಪು ತಾಮ್ರ ಸಿಗುವ ತನಕ ಕತ್ತರಿಸಿ, ಬೆಸುಗೆ ಹಾಕಿ, ಒಳಮೈಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ಕೂರಿಸಿ. ಹುರಿಮಾಡಿ ಟೇಪ್ ಸುತ್ತಿದ ಜೋಡಣೆ ಮುಂದಿನ ಮಳೆಗೆ ಮತ್ತೆ ಅಲ್ಲಿಗೇ.

ಪಿ0087 ಬಂದರೆ ರೈಲ್‌ನಲ್ಲಿ, ಅಂದರೆ ನೊಝಲ್‌ಗಳಿಗೆಲ್ಲ ಡೀಸೆಲ್ ಹಂಚುವ ಕೊಳವೆಯಲ್ಲಿ, ಡೀಸೆಲ್ ಒತ್ತಡ ಸಾಲುತ್ತಿಲ್ಲ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವದ ಗಾಳಿ ಬೆವರಿ, ನೀರು ತಳ ಸೇರುತ್ತದೆ. ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ 200 ಮಿಲಿಲೀಟರ್‌ನಷ್ಟನ್ನು ಪಾರದರ್ಶಕ ಬಾಟಲಿಗೆ ಇಳಿಸಿ ಹತ್ತು ನಿಮಿಷ ಇಡಿ. ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಫಿಲ್ಟರ್ ಬದಲಿಸಿಯೂ ಆಗದಿದ್ದರೆ ಪೈಪಿನಲ್ಲಿ ಗಾಳಿ ಸೇರುತ್ತಿದೆಯೇ ನೋಡಿ. ಆಮೇಲೆ ನಾಲ್ಕು ನೊಝಲ್‌ಗಳ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಎರಡು ಮೂರು ನಿಮಿಷ ಐಡಲಿಂಗ್ ಬಿಡಿ. ಒಂದರಲ್ಲಿ ಮಾತ್ರ ಉಳಿದವುಗಳ ದುಪ್ಪಟ್ಟು ತುಂಬಿದರೆ ಒತ್ತಡ ಸೋರುತ್ತಿರುವುದು ಅಲ್ಲಿ. ಪಂಪ್ ಬಿಚ್ಚುವ ಮಾತು ಇಷ್ಟೆಲ್ಲ ಆದ ಮೇಲೆ.

ಹಳಬರು ನೊಝಲ್ ಪೈಪಿನ ನಟ್ ಒಂದೊಂದೇ ಸಡಿಲಿಸಿ ಸೋತ ಸಿಲಿಂಡರ್ ಹುಡುಕುತ್ತಿದ್ದರು. ಇಂಥ ರೈಲ್ ಇರುವ ಕಾಮನ್ ರೈಲ್ ಎಂಜಿನ್ ಓಡುತ್ತಿರುವಾಗ ಇದನ್ನು ಮಾಡಲೇಬಾರದು. ಕಾರಿನ ಟಯರಿನಲ್ಲಿರುವುದು ಸುಮಾರು 2 ಬಾರ್. ಇಲ್ಲಿ ಐಡಲಿಂಗ್‌ನಲ್ಲೇ 250ರಿಂದ 350 ಬಾರ್. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದ ಗುರುತಷ್ಟೇ. ಹಾಗಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪೆಟ್ರೋಲ್, ಸಿಎನ್‌ಜಿ ಪಿಕಪ್‌ಗಳದ್ದು ಸುಲಭ. ಪಿ0302 (2ನೇ ಸಿಲಿಂಡರ್ ಮಿಸ್) ಬಂದರೆ ಅದರ ಕಿಡಿಗೆ ಕರೆಂಟ್ ಕೊಡುವ ಕಾಯಿಲನ್ನು 1ನೆಯದರ ಜತೆ ಅದಲುಬದಲು ಮಾಡಿ. ಕೋಡ್ ಪಿ0301 ಆದರೆ, ಅಂದರೆ ಮಿಸ್ 1ನೆಯದಕ್ಕೆ ಹೋದರೆ, ಆ ಕಾಯಿಲ್ ಕೆಟ್ಟಿದೆ.

ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿ, ಲೋಡ್ ಹಾಕಿ, ಉಡುಪಿಯಿಂದ ಮಣಿಪಾಲದ ಏರು ಹತ್ತಿಸಿ. ಇಸಿಯು ಕೇಳಿದ ರೈಲ್ ಒತ್ತಡ, ನಿಜಕ್ಕೂ ಸಿಕ್ಕ ಒತ್ತಡ, ಎರಡರ ಗೆರೆಗಳನ್ನೂ ಪಕ್ಕದಲ್ಲಿ ಕೂತವರು ಸ್ಕ್ಯಾನರಿನಲ್ಲಿ ನೋಡುತ್ತಿರಲಿ. ಗೆರೆಗಳು ಒಂದಕ್ಕೊಂದು ಅಂಟಿಕೊಂಡೇ ಮೇಲೇರಿದರೆ ಮರುದಿನ ಐಸ್ ಪೆಟ್ಟಿಗೆ ತುಂಬಿ ಶಿರಾಡಿ ಘಾಟಿ ಹತ್ತಿಸಬಹುದು.