ಹಟ್ಟಿಯ ಬದಿಯಲ್ಲಿ ನಿಂತ ಹಳೆಯ ಫೋರ್‌ವೀಲ್ ಪಿಕಪ್: ಕೆಲಸ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಳಭಾಗದಲ್ಲಿ ಅಡಿಕೆ ತೋಟ. ತಂದೆಯವರು ಓಡಿಸುತ್ತಿದ್ದ ಹಳೆಯ ಮಹೀಂದ್ರ ಫೋರ್‌ವೀಲ್ ಡ್ರೈವ್ ಪಿಕಪ್ ಒಂಬತ್ತು ವರ್ಷಗಳಿಂದ ದನದ ಹಟ್ಟಿಯ ಪಕ್ಕದ ಮಾಡಿನ ಕೆಳಗೆ ನಿಂತಿದೆ. ಗುಜರಿಯವರು ಬಂದು ಕೇಳಿ ಹೋಗುತ್ತಾರೆ, ಕೊಡಲು ಮನಸ್ಸು ಬರುವುದಿಲ್ಲ. ಮನೆಯಲ್ಲೇ ಸರಿಪಡಿಸಬಹುದೇ? ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ನೋಡೋಣ ಎಂದಿದ್ದೇನೆ.

ಉತ್ತರ: ಸರಿಪಡಿಸಬಹುದು. ಗುಜರಿಗೆ ಕೊಡದೆ ಉಳಿಸಿಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಆದರೆ ಎಂಜಿನ್ ಸ್ಟಾರ್ಟ್ ಮಾಡುವ ಆಸೆಯನ್ನು ಸದ್ಯಕ್ಕೆ ತಡೆದುಕೊಳ್ಳಿ. ಪೆರ್ಲ, ಮುಳ್ಳೇರಿಯ, ಪೈವಳಿಕೆ, ಯಾವ ಕಡೆಯಿಂದ ಈ ಪ್ರಶ್ನೆ ಬಂದರೂ ಜೊತೆಗೆ ಇದೇ ಆತುರ ಇರುತ್ತದೆ. ಎಂಜಿನ್ನಿನ ಸದ್ದು ಕೇಳಿದರೆ ಗಾಡಿಗೆ ಜೀವ ಬಂದಂತೆ ಅನ್ನಿಸುವುದು ಸಹಜ. ನಾನೂ ಹಾಗೆಯೇ ಆರಂಭಿಸಿದ್ದೆ. ಎಂಜಿನ್ ಬಿಚ್ಚಿ, ಪಿಸ್ಟನ್ ರಿಂಗ್ ಬದಲಿಸಿ, ಬಣ್ಣವನ್ನೂ ಬಳಿಸಿ, ನಾಲ್ಕನೆಯ ತಿಂಗಳಲ್ಲಿ ಸುಣ್ಣದ ಚೀಲ ಹೇರಿಕೊಂಡು ಗುಡ್ಡ ಇಳಿಯುತ್ತಿದ್ದಾಗ ಹಿಂದಿನ ಎಡಗಡೆಯ ಸ್ಪ್ರಿಂಗ್ ಹ್ಯಾಂಗರ್, ಅಂದರೆ ಸ್ಪ್ರಿಂಗನ್ನು ಹಿಡಿದಿಡುವ ಕೊಂಡಿ, ಚಾಸಿಯಿಂದ (ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟಿನಿಂದ) ಕಿತ್ತು ಬಂತು. ಹೊರಗೆ ಕಪ್ಪು ಬಣ್ಣ ಹೊಳೆಯುತ್ತಿತ್ತು, ಒಳಗೆ ಕಬ್ಬಿಣ ಪದರು ಪದರಾಗಿ ಅವಲಕ್ಕಿಯಂತೆ ಉದುರಿತು. ಹೊಸದಾಗಿ ಕೂರಿಸಿದ್ದನ್ನೆಲ್ಲ ಮತ್ತೆ ಇಳಿಸಬೇಕಾಯಿತು. ಕೊನೆಗೆ ಲೆಕ್ಕ ಹಾಕಿದಾಗ ಎಂಜಿನ್‌ಗಿಂತ ಹೆಚ್ಚು ಹಣ ಹೋದದ್ದು ಚಾಸಿಗೆ.

ಆದ್ದರಿಂದ ಮೊದಲು ಚಾಸಿ ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಪಡುವಣದಿಂದ ಉಪ್ಪಿನ ಗಾಳಿ ಬೀಸುತ್ತದೆ, ರಸ್ತೆಯ ಕೆಂಪು ಮಣ್ಣು ಚಾಸಿಯ ಸಂದಿಗಳಲ್ಲಿ ಹೊಕ್ಕು ಚಳಿಗಾಲದವರೆಗೂ ತೇವ ಹಿಡಿದುಕೊಂಡಿರುತ್ತದೆ. ಹಟ್ಟಿಯ ಪಕ್ಕ ನಿಂತ ಗಾಡಿಗೆ ಗಂಜಲ ಮತ್ತು ಗೊಬ್ಬರದ ಆವಿಯೂ ಸೇರಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಅಡಿಕೆ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಹಾಕಿ, ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ. ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಲ್ಲಿ ಆಗುವುದೇನೆಂದರೆ, ಅಲಗಿನ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ, ಅದು ಬಿಟ್ಟ ಜಾಗದಲ್ಲಿ ತಾಮ್ರ ನಿಲ್ಲುತ್ತದೆ. ನಿಮ್ಮ ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಮೈಲುತುತ್ತಿನ ನೀರು ತುಳುಕಿದಾಗಲೆಲ್ಲ ಅದೇ ಪರೀಕ್ಷೆ ನಡೆದಿದೆ, ಅಲಗಿನ ಬದಲು ತಗಡು ಇತ್ತು ಅಷ್ಟೇ. ಕೂತ ತಾಮ್ರ ಪಕ್ಕದ ಕಬ್ಬಿಣವನ್ನು ಮತ್ತಷ್ಟು ಬೇಗ ತಿನ್ನಿಸುತ್ತದೆ. ತೊಟ್ಟಿಯ ತಗಡು ಹೋದರೆ ಹೊಸತು ಹೊದಿಸಬಹುದು. ಆ ನೀರು ಬೋಲ್ಟಿನ ತೂತುಗಳ ಮೂಲಕ ಇಳಿದು ಚಾಸಿಯ ಯಾವ ಯಾವ ಜಾಗ ಸೇರಿದೆ ಎನ್ನುವುದನ್ನು ನೀವು ಕಂಡುಹಿಡಿಯಬೇಕು.

ಅದಕ್ಕೆ ಬೇಕಾದದ್ದು ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚ್, ಮೊನೆಯಿರುವ ಹಳೆಯ ಸ್ಕ್ರೂಡ್ರೈವರ್. ಗಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಜಾಕಿಯನ್ನು ನಂಬಿ ಅಡಿಗೆ ಹೋಗಬೇಡಿ. ಹಲಸಿನಕಾಯಿಯನ್ನು ತಟ್ಟಿ ನೋಡುವಂತೆ ಚಾಸಿಯ ಉದ್ದಕ್ಕೂ ಗೇಣಿಗೊಮ್ಮೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎಂದು ಸುತ್ತಿಗೆಯನ್ನು ಹಿಂದಕ್ಕೆ ತಳ್ಳುತ್ತದೆ. ತುಕ್ಕು ತಿಂದ ಕಡೆ ಮಂದವಾದ ಸದ್ದು ಬರುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ. ಸದ್ದು ಬದಲಾದ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಹಿಂದಿನ ಸ್ಪ್ರಿಂಗ್ ಹ್ಯಾಂಗರುಗಳು, ಹಿಂದಿನ ಅಡ್ಡಪಟ್ಟಿ, ಬಾಡಿ ಕೂರುವ ಕಿವಿಗಳು, ಬ್ಯಾಟರಿ ಇಡುವ ಜಾಗದ ಕೆಳಗೆ, ಎರಡು ತಗಡು ಒಂದರ ಮೇಲೊಂದು ಬಂದಿರುವ ಪ್ರತಿಯೊಂದು ಕಡೆ, ಇಲ್ಲೆಲ್ಲ ಎರಡು ಸಲ ತಟ್ಟಿ. ಒಂದು ಸಂಜೆಯ ಕೆಲಸವಿದು.

ಕೊಳೆತ ಜಾಗದ ಮೇಲೆ ತೇಪೆ ಹಚ್ಚಿಕೊಡುತ್ತೇನೆ ಎನ್ನುವ ವೆಲ್ಡರನ್ನು ಒಪ್ಪಬೇಡಿ. ತುಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ, ತೇಪೆಯ ಹಿಂದೆ ನೀರು ನಿಂತು ಮೊದಲಿಗಿಂತ ವೇಗವಾಗಿ ತಿನ್ನುತ್ತದೆ. ಒಳ್ಳೆಯ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಪ್ಲೇಟನ್ನು ಅಲ್ಲಿಗೆ ಕೂರಿಸಿ, ಹೊರಗಿನಿಂದ ವಜ್ರಾಕಾರದ ಪಟ್ಟಿಯ ಬಲ ಕೊಡಬೇಕು. ಚಾಸಿಗೆ ಅಡ್ಡಲಾಗಿ ನೇರ ಗೆರೆಯಲ್ಲಿ ಬೆಸುಗೆ ಬಿದ್ದರೆ ಮುಂದೆ ಬಿರುಕು ಬಿಡುವುದು ಆ ಗೆರೆಯಲ್ಲೇ. ಕೆಲಸಕ್ಕೆ ಮುಂಚೆ ಬ್ಯಾಟರಿಯ ತಂತಿ ಕಳಚಿ, ಡೀಸೆಲ್ ಟ್ಯಾಂಕನ್ನು ಪೂರ್ತಿ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ, ಒಳಗಿನ ಆವಿಗೆ ಒಂದು ಕಿಡಿ ಸಾಕು. ಚಾಸಿ ನಂಬರ್ ಒತ್ತಿರುವ ಭಾಗಕ್ಕೆ ಗ್ರೈಂಡರ್ ಮುಟ್ಟಿಸಲೇಬಾರದು. ಆ ಅಂಕಿಗಳು ಅಳಿದುಹೋದರೆ ಗಾಡಿ ನಿಮ್ಮದೆಂದು ತೋರಿಸುವುದು ಬಹಳ ಕಷ್ಟ.

ಬಣ್ಣದ ವಿಷಯದಲ್ಲಿ ಹವಾಮಾನದ ಮಾತು ಕೇಳಬೇಕು. ಗಾಳಿಯ ತೇವಾಂಶ ಶೇಕಡಾ 85 ದಾಟಿದಾಗ ಪ್ರೈಮರ್ ಹೊಡೆಯಬಾರದು ಎನ್ನುವುದು ಸಾಮಾನ್ಯ ನಿಯಮ. ನಮ್ಮಲ್ಲಿ ಜೂನ್‌ನಿಂದ ತಿಂಗಳುಗಟ್ಟಲೆ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ ಆ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯೊಳಗೆ ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಿ ಮಾಡಿನ ಕೆಳಗೆ ಬಿಚ್ಚುವ, ತೊಳೆಯುವ, ಗುರುತು ಹಾಕುವ ಕೆಲಸ ಮಾಡಿ. ವೆಲ್ಡಿಂಗ್ ಮತ್ತು ಬಣ್ಣವನ್ನು ಡಿಸೆಂಬರ್‌ನಿಂದ ಮಾರ್ಚ್ ನಡುವೆ ಇಟ್ಟುಕೊಳ್ಳಿ. ಬರಿಯ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದು ನೀರನ್ನು ಒಳಕ್ಕೆ ಬಿಡುತ್ತದೆ. ಎಪಾಕ್ಸಿ ಪ್ರೈಮರ್ ಹಚ್ಚಿ ಅದರ ಮೇಲೆ ಬಣ್ಣ, ಚಾಸಿಯ ಪೆಟ್ಟಿಗೆಯಂಥ ಟೊಳ್ಳುಗಳ ಒಳಗೆ ಮೇಣದ ಲೇಪ, ಇದು ನಾನು ನಂಬುವ ಕ್ರಮ. ಸುಟ್ಟ ಎಂಜಿನ್ ಆಯಿಲನ್ನು ಅಡಿಗೆ ಬಳಿಯುವ ರೂಢಿ ನಮ್ಮಲ್ಲಿ ಬೇಕಾದಷ್ಟಿದೆ. ಅದು ರಬ್ಬರ್ ಬುಷ್‌ಗಳನ್ನು ಹಾಳು ಮಾಡುತ್ತದೆ, ಮಳೆಗೆ ತೊಳೆದು ತೋಟದ ಮಣ್ಣಿಗೂ ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗಕ್ಕೂ ಸೇರುತ್ತದೆ. ದಯವಿಟ್ಟು ಬೇಡ.

ಹಣ ಸುರಿಯುವ ಮುನ್ನ ಆರ್‌ಸಿ ತೆಗೆದು ನೋಡಿ. ಖಾಸಗಿ ವಾಹನದ ನೋಂದಣಿಗೆ ಮೊದಲ ಅವಧಿ 15 ವರ್ಷ, ಬಳಿಕ ಐದೈದು ವರ್ಷಕ್ಕೆ ನವೀಕರಣ. ಸರಕು ವಾಹನವೆಂದು ದಾಖಲಾಗಿದ್ದರೆ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಬೇಕು. ಗಡಿಯವರಾದ ನಮಗೆ ಇನ್ನೊಂದು ತೊಡಕು ಇದೆ. ಪುತ್ತೂರಿನಿಂದಲೋ ಮಂಗಳೂರಿನಿಂದಲೋ ತಂದ ಗಾಡಿಯಾಗಿದ್ದು ಇನ್ನೂ ಕೆಎ 21 ಅಥವಾ ಕೆಎ 19 ಫಲಕದಲ್ಲೇ ಇದ್ದರೆ, ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು ಕಾಸರಗೋಡಿನ ಕೆಎಲ್ 14ಕ್ಕೆ ಬದಲಿಸಬೇಕು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿರುವುದಾದರೆ ಕಾನೂನು ಅದನ್ನು ಕೇಳುತ್ತದೆ. ತೊಟ್ಟಿ ತೆಗೆದು ತೆರೆದ ಜೀಪ್ ಮಾಡುವ, ಬೇರೆ ಎಂಜಿನ್ ಕೂರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ. ಕೇರಳದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಆದರೆ ಆ ಫಲಕ ಹಾಕಿಕೊಂಡ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಅಡಿಕೆ ಚೀಲ ಹೇರಬೇಕೆಂಬ ಆಸೆಯಿರುವವರಿಗೆ ಅದು ಹೊಂದುವುದಿಲ್ಲ.

ಇನ್ನು ಫೋರ್‌ವೀಲ್ ಭಾಗ. ಈ ಗಾಡಿಯ ಪ್ರಾಣವಿರುವುದು ಅಲ್ಲಿ, ಹೆಚ್ಚು ಅಲಕ್ಷ್ಯವಾಗಿರುವುದೂ ಅದೇ. ಡೀಸೆಲ್ ಉಳಿಯಲಿ ಎಂದು ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಅಟ್ಟಕ್ಕೆ ಹಾಕಿದ ಮನೆಗಳು ನಮ್ಮಲ್ಲಿ ಬಹಳ. ನಿಮ್ಮ ಗಾಡಿಯಲ್ಲಿ ಶಾಫ್ಟ್ ಇದೆಯೇ ನೋಡಿ, ಇಲ್ಲದಿದ್ದರೆ ಅಟ್ಟದಲ್ಲಿ ಹುಡುಕಿ. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಅಡಿಯ ನಟ್ಟನ್ನು ಸ್ವಲ್ಪ ಸಡಿಲಿಸಿ. ಮೊದಲು ನೀರು ಹನಿದರೆ, ಅಥವಾ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ಒಳಗೆ ನೀರು ಹೊಕ್ಕಿದೆ, ಬೇರಿಂಗುಗಳನ್ನು ಬಿಚ್ಚಿ ನೋಡಲೇಬೇಕು.

ಮುಂದಿನ ಚಕ್ರ ತಿರುಗುವ ಗೆಣ್ಣಿನಲ್ಲಿ ಮೇಲೆ ಕೆಳಗೆ ಕಿಂಗ್‌ಪಿನ್ ಬೇರಿಂಗುಗಳಿವೆ. ವರ್ಷಗಟ್ಟಲೆ ನೇರವಾಗಿ ನಿಂತ ಗಾಡಿಯಲ್ಲಿ ರೋಲರುಗಳು ಬೇರಿಂಗಿನ ಬಟ್ಟಲಿನೊಳಗೆ ತಮ್ಮ ಅಚ್ಚು ಒತ್ತಿಬಿಡುತ್ತವೆ, ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಗೀರುಗಳು ಕಾಣುತ್ತವೆ. ಅಂಥ ಬೇರಿಂಗ್ ಉಳಿಸಿಕೊಂಡರೆ ಸ್ಟಿಯರಿಂಗ್ ಪ್ರತಿ ಸಲ ನಡುವೆ ಬಂದಾಗ ಹಳ್ಳಕ್ಕೆ ಬಿದ್ದಂತೆ ಸಿಕ್ಕಿಕೊಳ್ಳುತ್ತದೆ. ಕಿಂಗ್‌ಪಿನ್ ಮುಚ್ಚಳದ ಅಡಿಯಲ್ಲಿ ಕಾಗದದಷ್ಟು ತೆಳುವಾದ ಲೋಹದ ಶಿಮ್‌ಗಳು ಸಿಗುತ್ತವೆ. ಎಡಬಲ, ಮೇಲುಕೆಳಗೆ ಬೆರೆಯದಂತೆ ನಾಲ್ಕು ಲಕೋಟೆಗಳಲ್ಲಿ ಹಾಕಿ ಹೆಸರು ಬರೆದಿಡಿ. ಬೇರಿಂಗ್ ಎಷ್ಟು ಬಿಗಿ ಕೂರಬೇಕು ಎಂಬ ಲೆಕ್ಕ ಇರುವುದು ಅವುಗಳಲ್ಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ಗೇರ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ, ಒಂದೇ ಇದೆಯೇ ಎಂದು ಪರೀಕ್ಷಿಸಿ. ಈ ಗಾಡಿಗಳ ಆಕ್ಸಲ್ಲುಗಳು ಕೈಬದಲಾದಷ್ಟು ಬೇರೇನೂ ಬದಲಾಗಿಲ್ಲ. ಜೀಪ್ ಬಳಗದಲ್ಲಿ 43 ಹಲ್ಲಿನ ಕ್ರೌನ್ (ದೊಡ್ಡ ಗೇರ್), 8 ಹಲ್ಲಿನ ಪಿನಿಯನ್ (ಸಣ್ಣ ಗೇರ್) ಇರುವ 5.38 ಅನುಪಾತದ್ದೂ ಇದೆ, 39 ಮತ್ತು 8 ಹಲ್ಲುಗಳ 4.88ರದ್ದೂ ಇದೆ. ಹಿಂದೆ ಒಂದು, ಮುಂದೆ ಇನ್ನೊಂದು ಇದ್ದರೆ ಫೋರ್‌ವೀಲ್ ಹಾಕಿದ ತಕ್ಷಣ ಎರಡು ಆಕ್ಸಲ್ಲುಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿಯಬಲ್ಲವು. ಪರೀಕ್ಷೆಗೆ ಇಬ್ಬರು ಬೇಕು. ಆಕ್ಸಲ್ಲಿನ ಎರಡೂ ಚಕ್ರಗಳನ್ನು ಎತ್ತಿ, ಲಿವರುಗಳನ್ನು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನದಕ್ಕಾದರೆ ಹಬ್ ಲಾಕ್ ಮಾಡಿ (ಚಕ್ರ ಆಕ್ಸಲ್ಲಿನೊಂದಿಗೆ ಸೇರಿ ತಿರುಗುವಂತೆ), ಎಡ ಬಲ ಎರಡೂ ಚಕ್ರಗಳನ್ನು ಜೊತೆಯಾಗಿ ಸರಿಯಾಗಿ ಒಂದು ಸುತ್ತು ತಿರುಗಿಸಿ. ಶಾಫ್ಟಿನ ಮೇಲಿನ ಸೀಮೆಸುಣ್ಣದ ಗುರುತು ಎಷ್ಟು ಸುತ್ತು ಬಂತು ಎಂದು ಎಣಿಸಿ. ಐದು ಸುತ್ತಿಗೆ ಸ್ವಲ್ಪ ಕಡಿಮೆಯೋ, ಐದೂಕಾಲು ದಾಟಿತೋ, ಹಿಂದೆ ಮುಂದೆ ಒಂದೇ ಉತ್ತರ ಬರಬೇಕು. ನಾಲ್ಕೂ ಟಯರುಗಳ ಅಳತೆಯೂ ಒಂದೇ ಇರಲಿ. ಎಲ್ಲ ಸರಿಯಿದ್ದರೂ ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕು. ಆ ವ್ಯತ್ಯಾಸ ನುಂಗಲು ಇದರಲ್ಲಿ ನಡುವಿನ ಡಿಫರೆನ್ಶಿಯಲ್ ಇಲ್ಲ, ಕೆಸರು ಮತ್ತು ಜಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಡುತ್ತವೆ.

ಬ್ರೇಕಿನ ಬಗ್ಗೆ ಚರ್ಚೆಯೇ ಬೇಡ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಹಳೆಯ ಮಾಸ್ಟರ್ ಸಿಲಿಂಡರಿಗೆ ಸಾಮಾನ್ಯವಾಗಿ ಒಂದೇ ಸರ್ಕ್ಯೂಟ್, ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ರಬ್ಬರ್ ಕಪ್, ಹೋಸ್, ಪೈಪು ಎಲ್ಲವನ್ನೂ ಹೊಸದಾಗಿ ಹಾಕಿ.

ಈಗ ನೀವು ಕಾದಿರುವ ಎಂಜಿನ್. ನಿಮ್ಮ ಗಾಡಿಯಲ್ಲಿರುವುದು 2,112 ಸಿಸಿಯ ಪ್ಯೂಜೋ ಡೀಸೆಲ್ ಆಗಿದ್ದರೆ ಹೆದರಬೇಕಾಗಿಲ್ಲ, ಅದರ ಕೆಲಸ ಬಲ್ಲ ಮೇಸ್ತ್ರಿಗಳು ನಮ್ಮ ಆಸುಪಾಸಿನಲ್ಲಿ ಇನ್ನೂ ಇದ್ದಾರೆ. ಇಲ್ಲಿ ಸಿಗದ ಬಿಡಿಭಾಗಗಳಿಗೆ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ ಇವೆ. ಒಂಬತ್ತು ವರ್ಷ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆದರೆ ಒಣಗಿದ ರಿಂಗುಗಳು ಸಿಲಿಂಡರನ್ನು ಗೀರುತ್ತವೆ. ಹೀಟರ್ ಪ್ಲಗ್‌ಗಳನ್ನು ಬಿಚ್ಚಿ ಆ ತೂತುಗಳಿಂದ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಹಾಕಿ, ಒಂದು ದಿನ ಬಿಟ್ಟು, ಪ್ಲಗ್ ಇಲ್ಲದೆಯೇ ಕೈಯಿಂದ ತಿರುಗಿಸಿ. ಏರ್ ಕ್ಲೀನರಿನೊಳಗೆ ಇಲಿಯ ಗೂಡು ಇದೆಯೇ ನೋಡಿ. ಟ್ಯಾಂಕಿನ ಹಳೆಯ ಡೀಸೆಲ್ ಚೆಲ್ಲಿ, ಫಿಲ್ಟರ್ ಬದಲಿಸಿ. ಡೀಸೆಲ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಅದು ಬೆಂಚಿನ ಮೇಲೆ ಅಳತೆ ನೋಡಿ ಹೊಂದಿಸುವ ವಸ್ತು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬರು ಗಾಳಿ ಎಳೆಯುವ ಬಾಯಿಯ ಬಳಿ ಹಲಗೆಯ ತುಂಡು ಹಿಡಿದು ನಿಲ್ಲಲಿ. ಪಂಪು ಸಿಕ್ಕಿಕೊಂಡು ಎಂಜಿನ್ ಹಿಡಿತ ಮೀರಿ ಏರತೊಡಗಿದರೆ, ಬಾಯಿಯನ್ನು ಹಲಗೆಯಿಂದ ಮುಚ್ಚಿ ಉಸಿರು ಕಟ್ಟಿಸಿಯೇ ನಿಲ್ಲಿಸಬೇಕಾಗುತ್ತದೆ.

ಆ ದಿನಕ್ಕೆ ಇನ್ನೂ ಕೆಲವು ತಿಂಗಳುಗಳಿವೆ. ಈ ಭಾನುವಾರ ಚಾಸಿ ನಂಬರಿನ ಮೇಲಿನ ಮಣ್ಣು ಒರೆಸಿ, ಆರ್‌ಸಿಯ ಅಂಕಿಗಳೊಂದಿಗೆ ಹೋಲಿಸಿ ನೋಡಿ. ಬಳಿಕ ಹಿಂದಿನ ಎಡ ಹ್ಯಾಂಗರಿನಿಂದ ತಟ್ಟಲು ಆರಂಭಿಸಿ. ಸೀಮೆಸುಣ್ಣದ ಗುರುತು ಎಷ್ಟು ಕಡೆ ಬಿತ್ತು, ಎಲ್ಲೆಲ್ಲಿ ಬಿತ್ತು ಎಂದು ಬರೆಯಿರಿ, ಯಾವುದನ್ನು ಕತ್ತರಿಸಬೇಕು, ಯಾವುದನ್ನು ಉಳಿಸಬಹುದು ಎಂದು ಒಟ್ಟಿಗೆ ನೋಡೋಣ.