10 ವೃತ್ತ, 22 ಗೆರೆ, ಒಂದೇ ಸೇತುವೆ

ಯೆಹೂದಿ ಅನುಭಾವಿಗಳ ಮರ-ಚಿತ್ರಗಳಿಗೆ ‘ಇಲಾನೋತ್’ ಎನ್ನುತ್ತಾರೆ. ಹಲವು ಚರ್ಮಪತ್ರಗಳನ್ನು ಒಂದರ ಕೆಳಗೊಂದು ಹೊಲಿದು, ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುವಂತೆ ಮಾಡಿದ ಸುರುಳಿಗಳಿವು. ಇಂದಿನ ಇಸ್ರೇಲಿನ ಸಫೇದ್ ಊರಿನ ಅನುಭಾವಿ ಐಸಾಕ್ ಲೂರಿಯಾ 1572ರಲ್ಲಿ ತೀರಿಕೊಂಡ ಮೇಲೆ ಅವನ ಶಿಷ್ಯರು ಬರೆದಿಟ್ಟ ಸೃಷ್ಟಿಕ್ರಮ ಎಷ್ಟು ಜಟಿಲವೆಂದರೆ, ಒಂದು ಲೋಕದ ಕೆಳಗೆ ಇನ್ನೊಂದನ್ನು ಬಿಡಿಸುತ್ತ ಹೋದಂತೆ ಸುರುಳಿ ಮೀಟರುಗಟ್ಟಲೆ ಉದ್ದವಾಯಿತು. ಪುಸ್ತಕದ ಹಾಳೆಗೆ ಅದು ಒಗ್ಗುತ್ತಿರಲಿಲ್ಲ. ಅಂದಹಾಗೆ, ಯೆಹೂದಿ ಲಿಪಿಕಾರರು ಬಳಸುತ್ತ ಬಂದ ಶಾಯಿಯ ಸಾಮಾನು ನಮ್ಮ ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ: ಮಾಚಿಕಾಯಿ, ಅನ್ನಭೇದಿ, ಗೋಂದು. ಬರೆದಾಗ ಪೇಲವ, ಗಾಳಿಯ ಆಮ್ಲಜನಕ ತಾಕಿ ಕಬ್ಬಿಣ ಉತ್ಕರ್ಷಣೆಗೊಂಡ ಮೇಲೆ ಕಡುಗಪ್ಪು.

ನನ್ನ ಕುತೂಹಲ ಶಾಯಿಯದಲ್ಲ, ಗೆರೆಗಳದು. ಈ ಮರಗಳ ತಿರುಳು 10 ಸೆಫಿರೋತ್, ಅಂದರೆ ಅಗೋಚರ ದೇವರು ತನ್ನನ್ನು ತೋರಿಸಿಕೊಳ್ಳುವ 10 ಬಗೆಗಳು. ಚಿತ್ರದಲ್ಲಿ ವೃತ್ತಗಳಾದ ಅವನ್ನು ಕೂಡಿಸುವ ಗೆರೆಗಳು ಹೀಬ್ರೂ ಅಕ್ಷರಗಳು ಎಷ್ಟೋ ಅಷ್ಟೇ, 22. ‘ಸೆಫೆರ್ ಯೆತ್ಸಿರಾ’ ಎಂಬ ಹಳೆಯ ಕಿರುಗ್ರಂಥ ಆ ಅಕ್ಷರಗಳನ್ನು 3, 7, 12 ಎಂದು ಗುಂಪು ಮಾಡುತ್ತದೆ. ಲೂರಿಯಾ ಪರಂಪರೆಯದೆಂದು ಹೆಸರಾದ ಜೋಡಣೆಯಲ್ಲಿ ಅಡ್ಡಗೆರೆ 3, ನೆಟ್ಟಗೆರೆ 7, ಓರೆಗೆರೆ 12. ಎಣಿಸಿ ನೋಡಿ, ಸರಿಹೋಗುತ್ತದೆ.

10 ಬಿಂದುಗಳನ್ನು ಬಿಡಿಯಾಗದಂತೆ ಕೂಡಿಸಲು 9 ಗೆರೆ ಸಾಕು. ವಂಶವೃಕ್ಷದಲ್ಲಿ ಇರುವುದು ಹಾಗೆಯೇ. ಇಲ್ಲಿ 13 ಹೆಚ್ಚಿಗೆ. ಹೆಚ್ಚಿನ ಒಂದೊಂದು ಗೆರೆಯೂ ಒಂದೊಂದು ಸುತ್ತುದಾರಿಯನ್ನು ಹುಟ್ಟಿಸುತ್ತದೆ. ನಡುವಿನ ವೃತ್ತ ‘ತಿಫೆರೆತ್’ಗಂತೂ 8 ಗೆರೆಗಳು ಬಂದು ಸೇರುತ್ತವೆ. ಅದನ್ನೇ ಪೂರ್ತಿ ಅಳಿಸಿಹಾಕಿ: ಮೇಲಿನ ‘ಕೆತೆರ್’ನಿಂದ ‘ಹೊಖ್ಮಾ’, ‘ಹೆಸೆದ್’, ‘ನೆತ್ಸಖ್’ ಹಾದು ‘ಯೆಸೋದ್’ಗೆ ಇಳಿಯಬಹುದು. ಎಲ್ಲಿ ಕತ್ತರಿಸಿದರೂ ಬಳಸುದಾರಿ ಉಂಟು, ಒಂದು ಜಾಗ ಬಿಟ್ಟು. ತೀರ ಕೆಳಗಿನ ‘ಮಲ್ಖುತ್’ಗೆ ಯೆಸೋದ್‌ನಿಂದ ಬರುವುದು ಒಂದೇ ಗೆರೆ. ಹೊಳೆಯಾಚೆಯ ಊರಿಗೆ ಇರುವ ಒಂಟಿ ಸಂಕದಂತೆ ಅದು. ಮುರಿದರೆ ಊರಿಗೆ ಊರೇ ಆಚೆ ಉಳಿಯಿತು. ಜಾಲಗಳನ್ನು ಅಭ್ಯಸಿಸುವ ಗಣಿತಜ್ಞರೂ ಇಂಥ ಗೆರೆಯನ್ನು ಸೇತುವೆಯೆಂದೇ ಕರೆಯುತ್ತಾರೆ. ಇಡೀ ಚಿತ್ರದಲ್ಲಿ ಇರುವುದು ಇದೊಂದೇ.

ಸೋಜಿಗವೆಂದರೆ ಕಬಾಲಾ ಎಂಬ ಈ ಯೆಹೂದಿ ಅನುಭಾವ ಪರಂಪರೆಯ ಮುಖ್ಯ ಆತಂಕವೂ ಅದೇ ಜಾಗದ್ದು. ಮಲ್ಖುತ್ ಎಂದರೆ ಜಗತ್ತಿನೊಳಗೆ ನೆಲೆಸಿದ ದೈವಸಾನ್ನಿಧ್ಯ. ಮನುಷ್ಯರ ಪಾಪದಿಂದ ಅದು ಮೇಲಿನವುಗಳಿಂದ ಅಗಲಿ ವನವಾಸ ಪಡುತ್ತದೆ, ಪ್ರಾರ್ಥನೆ ಮತ್ತೆ ಕೂಡಿಸುತ್ತದೆ ಎಂಬುದು ಅವರ ನಂಬಿಕೆ. ಜಾಲಗಣಿತ ಹುಟ್ಟುವ ಮೊದಲೇ ಆ ಭಯವನ್ನು ಅವರು ಗೆರೆಗಳಲ್ಲಿ ಸರಿಯಾದ ಕಡೆ ಇಟ್ಟಿದ್ದರು. ಅವರಿಗೆ ಗಣಿತ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ‘ಪ್ರಾಚೀನರ ವಿಜ್ಞಾನ’ ಎಂದು ಯಾರೂ ಇದನ್ನು ಹೊತ್ತು ಮೆರೆಸಬೇಡಿ.

ಗೆರೆಗಳ ಬಗ್ಗೆ ಯೆಹೂದಿಗಳೊಳಗೂ ಒಮ್ಮತವಿರಲಿಲ್ಲ. ಇನ್ನು ಹೊರಗಿನವನಾದ ಜೆಸ್ಯೂಟ್ ಪಾದ್ರಿ ಅಥನಾಸಿಯಸ್ ಕಿರ್ಚರ್ 1650ರ ದಶಕದಲ್ಲಿ ರೋಮಿನಲ್ಲಿ ಅಚ್ಚು ಹಾಕಿಸಿದ ಚಿತ್ರದಲ್ಲಿ ಮೇಲ್ಭಾಗದಲ್ಲಿ ಒಂದನ್ನೊಂದು ಅಡ್ಡಹಾಯುವ ಎರಡು ಓರೆಗೆರೆಗಳಿಲ್ಲ. ಬದಲಿಗೆ ‘ನೆತ್ಸಖ್’ ಮತ್ತು ‘ಹೋದ್’ಗಳಿಂದ ಎರಡು ಗೆರೆ ಮಲ್ಖುತ್‌ಗೆ ಇಳಿದಿವೆ. ಒಟ್ಟು ಆಗಲೂ 22. 3, 7, 12ರ ಲೆಕ್ಕವೂ ಕೆಡುವುದಿಲ್ಲ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಗೋಲ್ಡನ್ ಡಾನ್’ ಎಂಬ ಗುಪ್ತಸಂಘ ಈ ಮಾದರಿಯನ್ನೇ ಹಿಡಿದು, 15ನೇ ಶತಮಾನದ ಇಟಲಿಯ ಆಟದೆಲೆಗಳಾದ ಟ್ಯಾರೋದ 22 ಚಿತ್ರಗಳನ್ನು ಅದರ ಗೆರೆಗಳಿಗೆ ಅಂಟಿಸಿತು. ಭವಿಷ್ಯ ಹೇಳುವವರ ಮೇಜಿನ ಮೇಲೆ ಇಂದು ‘ಪುರಾತನ ರಹಸ್ಯ’ವಾಗಿ ಹರಡಿಕೊಂಡಿರುವುದು ಇದೇ ಕಸಿ. ಅದರಲ್ಲಿ ಮಲ್ಖುತ್‌ಗೆ ಮೂರು ದಾರಿ. ಸೇತುವೆಯೇ ಇಲ್ಲ.